ಚಿಪ್ ಇದೆ, ಫೋನ್ ಸಂಖ್ಯೆ ಸರಿಯಿದೆಯೇ?

ಕೇಳುಗರಿಗೆ ನಮಸ್ಕಾರ. ನಾನು ಪಶುವೈದ್ಯೆ. ಸಾಕುಪ್ರಾಣಿಗಳ ಮೈಕ್ರೋಚಿಪ್ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದಾರೆ. ನನ್ನ ಬಳಿ ಇರುವುದು ಒಂದೇ ಮಾತು, ಮೊದಲೇ ಹೇಳಿಬಿಡುತ್ತೇನೆ: ಚಿಪ್ ಹಾಕಿಸಿದರೆ ಸಾಲದು, ನೋಂದಣಿಯಲ್ಲಿ ನಿಮ್ಮ ಈಗಿನ ಫೋನ್ ಸಂಖ್ಯೆ ಇರಬೇಕು. ನೋಂದಣಿ ಎಂದರೆ ಚಿಪ್ಪಿನ ಸಂಖ್ಯೆಯ ಜೊತೆ ಮಾಲೀಕರ ವಿಳಾಸ, ಫೋನ್ ಬರೆದಿಡುವ ಪಟ್ಟಿ; ತಪ್ಪಿಸಿಕೊಂಡ ಪ್ರಾಣಿ ಸಿಕ್ಕರೆ ಅದನ್ನು ನೋಡಿಯೇ ಮನೆಯವರನ್ನು ಹುಡುಕುತ್ತೇವೆ.

ಚಿಪ್ ಎಂದರೆ ಅಕ್ಕಿ ಕಾಳಿನಷ್ಟು ಗಾತ್ರದ ಗಾಜಿನ ಕೊಳವೆ. ಸುಮಾರು 12 ಮಿಲಿಮೀಟರ್ ಉದ್ದ. ಎರಡು ಭುಜಗಳ ನಡುವೆ, ಚರ್ಮದಡಿಗೆ ಸೂಜಿಯಿಂದ ಸೇರಿಸುತ್ತೇವೆ. ಲಸಿಕೆಯ ಸೂಜಿಗಿಂತ ದಪ್ಪ, ಆದರೆ ಕ್ಷಣದ ಕೆಲಸ. ಒಳಗೆ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಅದರ ರೇಡಿಯೊ ತರಂಗದಿಂದಲೇ ಶಕ್ತಿ ಪಡೆದು 15 ಅಂಕಿಗಳ ಸಂಖ್ಯೆಯೊಂದನ್ನು ತಿಳಿಸುತ್ತದೆ. ಅಷ್ಟೇ. ನಾಯಿ ಎಲ್ಲಿದೆಯೆಂದು ಮೊಬೈಲಿನಲ್ಲಿ ಕಾಣುತ್ತದೆಯೇ ಎಂದು ಇಂದಿಗೂ ಕೇಳುತ್ತಾರೆ. ಕಾಣುವುದಿಲ್ಲ. ದಯವಿಟ್ಟು ಪಕ್ಕದ ಮನೆಯವರಿಗೂ ಹೇಳಿ, ಕಾಣುವುದಿಲ್ಲ.

ಒಂದು ಮಳೆಗಾಲದ ಸಂಜೆ ಹುಡುಗಿಯೊಬ್ಬಳು ತೊಯ್ದು ತೊಪ್ಪೆಯಾದ ಮುದಿ ನಾಯಿಯನ್ನು ಎತ್ತಿಕೊಂಡು ಬಂದಳು. ಮೂತಿಯೆಲ್ಲ ನರೆತಿತ್ತು, ಕೊರಳಪಟ್ಟಿ ಇರಲಿಲ್ಲ. ಭುಜಗಳ ಮೇಲೆ ಸ್ಕ್ಯಾನರ್ ಆಡಿಸಿದೆ, ಸದ್ದಿಲ್ಲ. ಚಿಪ್ ಕೆಲವೊಮ್ಮೆ ಜಾರುತ್ತದೆ, ಹಾಗಾಗಿ ಪಕ್ಕೆ, ಎದೆ, ಕಾಲು ಎಲ್ಲವನ್ನೂ ನೋಡುತ್ತೇವೆ. ಮುಂಗಾಲಿನ ಮೊಣಕೈ ಹತ್ತಿರ ಬಂದಾಗ ಬೀಪ್ ಎಂದಿತು. ನೋಂದಣಿಯಲ್ಲಿ ಹುಡುಕಿದೆವು: ನಾಯಿಯ ಹೆಸರು ರಾಣಿ. ಹುಡುಗಿ "ರಾಣಿ" ಎಂದಳು. ಅಲ್ಲಿಯವರೆಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದ ನಾಯಿ ಥಟ್ಟನೆ ತಿರುಗಿ ಬಾಲ ಅಲ್ಲಾಡಿಸಿತು!

ಫೋನ್ ಮಾಡಿದೆ. ಸಂಖ್ಯೆ ಚಾಲ್ತಿಯಲ್ಲಿಲ್ಲ. ವಿಳಾಸಕ್ಕೆ ಹೋದರೆ ಆ ಮನೆಯಲ್ಲಿ ಬೇರೆಯವರು. ಎರಡನೆಯ ಸಂಪರ್ಕ ಸಂಖ್ಯೆಯ ಜಾಗ ಖಾಲಿ. ಕೊನೆಗೆ, ಚಿಪ್ ಹಾಕಿದ್ದ ವೈದ್ಯರ ಹಳೆಯ ಕಡತದಲ್ಲಿ ಮಾಲೀಕರ ತಮ್ಮನ ಸಂಖ್ಯೆ ಸಿಕ್ಕಿತು. ಅಷ್ಟರಲ್ಲಿ ವಾರ ಕಳೆದಿತ್ತು. ರಾಣಿ ಊಟ ಬಿಟ್ಟಿದ್ದಳು. ಮಾಲೀಕರು ಬಂದವರೇ ಕೇಳಿದ್ದು, "ಚಿಪ್ ಇತ್ತಲ್ಲ, ಯಾಕೆ ಕೆಲಸ ಮಾಡಲಿಲ್ಲ?" ಸ್ವಾಮಿ, ಚಿಪ್ ತನ್ನ ಕೆಲಸ ಮಾಡಿತ್ತು. ನೀವು ಮನೆ ಬದಲಿಸಿದಿರಿ, ಫೋನ್ ಬದಲಿಸಿದಿರಿ, ಬ್ಯಾಂಕಿಗೆ ತಿಳಿಸಿದಿರಿ, ನೋಂದಣಿಗೆ ತಿಳಿಸಲಿಲ್ಲ.

ಸಮಯ ಮುಗಿಯಿತೆಂದು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಬೆಕ್ಕಿಗೂ ಚಿಪ್ ಹಾಕಿಸಿ, ಮನೆಯೊಳಗೇ ಇರುವ ಬೆಕ್ಕಿಗೂ. ಕೊರಳಪಟ್ಟಿ ಬಿಡಬೇಡಿ, ದಾರಿಹೋಕರ ಬಳಿ ಸ್ಕ್ಯಾನರ್ ಇರುವುದಿಲ್ಲ. ವರ್ಷದ ಲಸಿಕೆಗೆ ಬಂದಾಗ ಸ್ಕ್ಯಾನ್ ಮಾಡಿಸಿ, ಅಲ್ಲೇ ನಿಂತು ನೋಂದಣಿಯ ಫೋನ್ ಸಂಖ್ಯೆ ಓದಿಸಿ. ಎರಡನೆಯ ಸಂಖ್ಯೆ ನಿಮ್ಮ ಮನೆಯಲ್ಲಿಲ್ಲದವರದ್ದಾಗಿರಲಿ. ಮನೆಮಂದಿಯೆಲ್ಲ ಪ್ರವಾಸ ಹೋದಾಗಲೇ ನಾಯಿ ಬೇಲಿ ಹಾರುವುದು.