ಮೊದಲು ಹೋರಿ, ಆಮೇಲೆ ಹಸು

ರೈತ ಬಾಂಧವರಿಗೆ, ಕೊಟ್ಟಿಗೆಯ ಕೆಲಸ ಮಾಡ್ತಾ ರೇಡಿಯೊ ಕೇಳ್ತಿರುವ ತಾಯಂದಿರಿಗೆ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ‘ಮನೆಮಟ್ಟದಲ್ಲಿ ಗಿಡ್ಡ ತಳಿಯ ದನಗಳ ಸಾಕಣೆ ಮತ್ತು ತಳಿ ಸಂವರ್ಧನೆ’. ಹೆಸರು ಉದ್ದ ಇದೆ, ಸಮಯ ಕಮ್ಮಿ ಇದೆ. ಅದಕ್ಕೆ ನಾನು ಒಂದೇ ಮಾತು ಹೇಳ್ತೀನಿ. ನಿಮ್ಮ ಊರಲ್ಲಿ ಒಂದು ಒಳ್ಳೆಯ ಗಿಡ್ಡ ಹೋರಿ ಇಟ್ಟುಕೊಳ್ಳಿ. ಹಸುವಿನ ವಿಚಾರ ಆಮೇಲೆ.

ಈಗ ಎಲ್ಲರ ಮೊಬೈಲಿನಲ್ಲೂ ಪುಟ್ಟ ಪುಟ್ಟ ಹಸುಗಳು. ಸೋಫಾದ ಮೇಲೆ ಕೂತ ಹಸು, ಕಾರಿನಿಂದ ಇಳಿಯುವ ಕರು. ಆಂಧ್ರದ ಪುಂಗನೂರು ತಳಿಗೆ ಲಕ್ಷಗಟ್ಟಲೆ ಬೆಲೆ ಹೇಳ್ತಾರೆ. ತಳಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದ ಜನ ಫೋನ್ ಮಾಡಿ “ಡಾಕ್ಟ್ರೇ, ಗಿಡ್ಡ ಹಸು ಎಲ್ಲಿ ಸಿಗುತ್ತೆ” ಅಂತ ಕೇಳಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತೆ. ನಿಮ್ಮ ಬ್ಯಾಣದ ಹುಲ್ಲುಗಾವಲಲ್ಲಿ ಮೇಯ್ತಾ ಇರೋದು ಏನು ಮತ್ತೆ?

ಅದು ಮಲೆನಾಡು ಗಿಡ್ಡ. ನಾವು ಊರದನ ಅಂತೀವಿ, ವರ್ಷಕ್ಕೊಂದು ಕರು ಹಾಕುತ್ತೆ ಅಂತ ವರ್ಷಗಂಧಿ ಅಂತಲೂ ಕರೀತಾರೆ. ಭುಜದ ಹತ್ತಿರ ಅಳೆದರೆ ಸುಮಾರು 90 ಸೆಂಟಿಮೀಟರು, ಅಂದರೆ ಮೂರಡಿ. ತೂಕ ನೂರು ಕಿಲೋ ಆಸುಪಾಸು. 2012ರಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಇದನ್ನು ಪ್ರತ್ಯೇಕ ತಳಿ ಅಂತ ನೋಂದಾಯಿಸಿದೆ. ಜಡಿಮಳೆಯಲ್ಲಿ ನೆನೆದರೂ ಮೇಯುತ್ತೆ, ಗುಡ್ಡ ಹತ್ತುತ್ತೆ, ಬೇಲಿ ಹಾರುತ್ತೆ. ಬೇಲಿ ಹಾರೋದು ನಿಮಗೂ ಗೊತ್ತು, ನಿಮ್ಮ ಪಕ್ಕದ ತೋಟದವರಿಗೂ ಗೊತ್ತು! ಹಾಲು ಮಾತ್ರ ದಿನಕ್ಕೆ ಒಂದು, ಒಂದೂವರೆ ಲೀಟರು. ಡೈರಿಗೆ ಹಾಕುವವರಿಗೆ ಈ ದನ ಅಲ್ಲ. ಮನೆಯ ಕಾಫಿಗೆ, ಮಜ್ಜಿಗೆಗೆ, ಅಡಿಕೆ ತೋಟದ ಗೊಬ್ಬರಕ್ಕೆ ಇದಕ್ಕಿಂತ ಬೇರೆ ಬೇಡ.

ಹಾಗಾದರೆ ಯಾಕೆ ಕಮ್ಮಿ ಆಗ್ತಿದೆ? ಹಸು ಮಾರಿದ್ದಕ್ಕಲ್ಲ. ಹೋರಿ ಇಲ್ಲದ್ದಕ್ಕೆ.

ಕೇರಳದ ವೆಚೂರು ಹಸುವಿನ ಕಥೆ ನೋಡಿ. ಅದೂ ನಮ್ಮ ಗಿಡ್ಡದಷ್ಟೇ ಕುಳ್ಳು. 1961ರಲ್ಲಿ ಅಲ್ಲಿ ಜಾನುವಾರು ಅಭಿವೃದ್ಧಿಯ ಕಾನೂನು ಬಂತು. ಮಿಶ್ರತಳಿ ಮಾಡಬೇಕು, ನಾಟಿ ಹೋರಿಗಳ ಬೀಜ ಒಡೆಸಿ ಅಂದರು. ಒಡೆಸಿದರು. ಹಸುಗಳು ಹಾಗೇ ಇದ್ದವು, ಯಾರೂ ಅವನ್ನು ಕೊಲ್ಲಲಿಲ್ಲ. ಆದರೆ ಮೂವತ್ತು ವರ್ಷ ತುಂಬುವಷ್ಟರಲ್ಲಿ ವೆಚೂರು ಹಸು ಹುಡುಕಿದರೂ ಸಿಗದ ಹಾಗಾಯ್ತು. 1989ರಲ್ಲಿ ಮಣ್ಣುತ್ತಿಯ ಕೃಷಿ ವಿಶ್ವವಿದ್ಯಾಲಯದ ಸೋಸಮ್ಮ ಐಪ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಊರೂರು ಅಲೆದು, ಅಳಿದುಳಿದ ಕೆಲವನ್ನು ಕಲೆಹಾಕಿ ತಳಿ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆಯಮ್ಮ ಅಲೆಯದಿದ್ದರೆ ಇವತ್ತು ವೆಚೂರು ಫೋಟೊದಲ್ಲಿ ಮಾತ್ರ. ಕೇರಳದಲ್ಲಿ ಕಾನೂನು ಮಾಡಿಸಿದ್ದನ್ನು ನಾವು ಇಲ್ಲಿ ಯಾರೂ ಹೇಳದೇ ಮಾಡ್ತಿದ್ದೀವಿ. ಗಂಡುಕರು ಹುಟ್ಟಿದ ಕೂಡಲೇ “ಇದೆಂತಕ್ಕೆ” ಅಂತೀವಿ.

ಈಗ ಸಾಗರದ ಕಡೆಯ ಒಂದು ಮನೆಯ ಸಂಗತಿ ಹೇಳಬೇಕು. ಇದನ್ನು ಹೇಳದೆ ನಾನು ಯಾವ ಸಭೆಯಿಂದಲೂ ಎದ್ದಿಲ್ಲ.

ಅಡಿಕೆ ತೋಟ, ಆರು ಗಿಡ್ಡ ದನ, ಎಂಬತ್ತು ದಾಟಿದ ಒಬ್ಬರು ಅಜ್ಜಿ. ಮೊಮ್ಮಗ ಬೆಂಗಳೂರಲ್ಲಿ ಕೆಲಸ. ಅವನು ಒಂದು ದಿನ ಪಿಕಪ್‌ನಲ್ಲಿ ‘ಮಿನಿ ಹಸು’ ತಂದ. ಕುತ್ತಿಗೆಗೆ ಗಂಟೆ, ಕೊಂಬಿನ ಜಾಗಕ್ಕೆ ಕೆಂಪು ರಿಬ್ಬನ್. ಒಂದೂವರೆ ಲಕ್ಷ ಕೊಟ್ಟಿದ್ದನಂತೆ. ಮೂರು ವರ್ಷದ್ದು, ಇನ್ನು ಬೆಳೆಯೋದೇ ಇಲ್ಲ ಅಂತ ದಲ್ಲಾಳಿ ಹೇಳಿದ್ದ. ಆರೋಗ್ಯ ನೋಡಿ ಅಂತ ನನ್ನ ಕರೆಸಿದ್ದರು. ಅಜ್ಜಿ ಜಗುಲಿಯ ಮೇಲೆ ಅಡಿಕೆ ಸುಲೀತಾ ಇದ್ದವರು ಕತ್ತಿಯಿಂದ ಕೈ ತೆಗೆಯದೇ ಹೇಳಿದರು: “ಅದ್ರ ಬಾಯಿ ಬಿಡ್ಸಿ ಡಾಕ್ಟ್ರೇ.”

ಬಿಡಿಸಿದೆ. ದನಕ್ಕೆ ಮೇಲಿನ ದವಡೆಯಲ್ಲಿ ಮುಂಭಾಗದ ಹಲ್ಲು ಇರೋದಿಲ್ಲ, ಕೆಳಗೆ ಎಂಟು. ಎರಡು, ಎರಡೂವರೆ ವರ್ಷಕ್ಕೆ ನಡುವಿನ ಎರಡು ಹಾಲುಹಲ್ಲು ಬಿದ್ದು, ಆ ಜಾಗಕ್ಕೆ ಅಗಲವಾದ ಎರಡು ಹಲ್ಲು ಬರುತ್ತವೆ. ಅದಕ್ಕೇ ಸಂತೆಯಲ್ಲಿ ಎರಡು ಹಲ್ಲು, ನಾಲ್ಕು ಹಲ್ಲು ಅಂತ ಮಾತಾಡೋದು. ಇದರ ಕೆಳದುಟಿ ಜಗ್ಗಿ ನೋಡಿದರೆ ಎಂಟಕ್ಕೆ ಎಂಟೂ ಸಣ್ಣ ಹಾಲುಹಲ್ಲು! ಮೂರು ವರ್ಷ ಎಲ್ಲಿಂದ ಬಂತು? ಅದು ಯಾವುದೋ ದೊಡ್ಡ ಜಾತಿಯ, ವರ್ಷ ತುಂಬದ ಕರು. ಹುಡುಗನ ಮುಖ ನೋಡೋಕಾಗಲಿಲ್ಲ. ಅಜ್ಜಿ ಮಾತ್ರ ಇನ್ನೊಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ, “ಮಾಣಿ, ಕುಳ್ಳುದನ ಬೇಕಿದ್ರೆ ಕೊಟ್ಟಿಗೆಗೆ ಬಗ್ಗಿ ನೋಡೂಕೆ ಆಗ್ತಿರ್ಲಿಲ್ವಾ?” ಅಂದರು.

ಹುಡುಗ ಬುದ್ಧಿವಂತ. ಟೇಪು ತಂದು ಕೊಟ್ಟಿಗೆಯ ಕೆಂಪಿಯನ್ನು ಅಳೆದ. 88 ಸೆಂಟಿಮೀಟರು. ಲಕ್ಷ ಕೊಟ್ಟು ಹುಡುಕಿದ್ದು ಅಲ್ಲೇ ಮೆಲುಕು ಹಾಕ್ತಾ ನಿಂತಿತ್ತು. ಸರಿ, ಇದರಿಂದಲೇ ಕರು ತೆಗೆಯೋಣ ಅಂದ. ಹೋರಿ? ಇಲ್ಲ. ಆ ಊರಲ್ಲಿ ಇಲ್ಲ, ಪಕ್ಕದ ಊರಲ್ಲೂ ಇಲ್ಲ. ಕೆಂಪಿ ಬೆದೆಗೆ ಬರೋದು, ಕೂಗೋದು, ಸುಮ್ಮನಾಗೋದು, ಮತ್ತೆ 21 ದಿನಕ್ಕೆ ಕೂಗೋದು. ಜರ್ಸಿ ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸಲು ಅಜ್ಜಿ ಸುತಾರಾಂ ಒಪ್ಪಲಿಲ್ಲ. ಪಕ್ಕದ ಮನೆಯ ಗಿಡ್ಡಕ್ಕೆ ಹಾಗೆ ಮಾಡಿಸಿ, ಕರು ದೊಡ್ಡದಾಗಿ ಸಿಕ್ಕಿಹಾಕಿಕೊಂಡು, ನಾಲ್ಕು ಜನ ಎಳೆದರೂ ಕರು ಉಳಿಯದೆ, ತಾಯಿ ಮೇಲೇಳದೆ ಹೋಗಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಅಜ್ಜಿಯ ಹಟ ಸರಿ.

ಕೊನೆಗೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಒಬ್ಬರ ಮನೆಯಲ್ಲಿ ಕಪ್ಪು ಹೋರಿ ಇದೆ ಅಂತ ಗೊತ್ತಾಯ್ತು. ಸೇತುವೆ ಆಗುವ ಮೊದಲಿನ ಮಾತು. ಪಿಕಪ್ ಹತ್ತಿಸಿಕೊಂಡು ಲಾಂಚಿನಲ್ಲಿ ತಂದರು. ಸಿಗಂದೂರಿನ ಭಕ್ತರೆಲ್ಲ ಅದಕ್ಕೆ ಬಾಳೆಹಣ್ಣು ಕೊಟ್ಟರು, ತಿಂತಾ ಸಾಧುವಿನಂತೆ ನಿಂತಿತ್ತಂತೆ. ಊರಿನ ತಿರುವಿಗೆ ಬಂದಿದ್ದೇ ಪಿಕಪ್ಪಿನ ಹಿಂಬಾಗಿಲು ಹಾರಿ ಕಾಡು ಸೇರಿತು. ಟಾರ್ಚ್ ಹಿಡಿದು ರಾತ್ರಿಯೆಲ್ಲ ಹುಡುಕಿದರು. ಬೆಳಿಗ್ಗೆ ಅಜ್ಜಿ ಬ್ಯಾಣದ ಉಣುಗೋಲು ತೆಗೆದು ನೋಡಿದರೆ ಹೋರಿ ಕೆಂಪಿಯ ಪಕ್ಕ ನಿಂತಿದೆ. ದಾರಿ ಯಾರು ತೋರಿಸಿದರು? ನಾಟಿ ಹಸುವಿನ ಬೆದೆ ಕೆಲವು ಗಂಟೆಯದ್ದು, ಎಷ್ಟೋ ಸಲ ರಾತ್ರಿ ಬಂದು ಹೋಗುತ್ತೆ, ನಮಗೂ ನಿಮಗೂ ಗೊತ್ತೇ ಆಗಲ್ಲ. ಹೋರಿಗೆ ಗೊತ್ತಾಗುತ್ತೆ. ಆ ವರ್ಷ ಅಜ್ಜಿಯ ಕೊಟ್ಟಿಗೆಯಲ್ಲಿ ನಾಲ್ಕು ದನ ಗಬ್ಬ ಆದವು. ಒಂದೂವರೆ ಲಕ್ಷದ ಮಿನಿ ಹಸು ಕೊಟ್ಟಿಗೆಯ ಬಾಗಿಲಿಗೆ ತಲೆ ತಾಗುವಷ್ಟು ಬೆಳೆಯಿತು.

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಾ ಇದ್ದಾರೆ. ಇನ್ನುಳಿದದ್ದು ಬೇಗ ಹೇಳ್ತೀನಿ.

ಹೋರಿ ಆರಿಸುವಾಗ ಅದರ ತಾಯಿಯನ್ನು ನೋಡಿ. ತಾಯಿ ವರ್ಷವರ್ಷ ಈದಿರಬೇಕು, ಕೆಚ್ಚಲು ಚೊಕ್ಕ ಇರಬೇಕು, ಒದೆಯಬಾರದು. ಹೋರಿಗೆ ಎರಡೂ ಬೀಜ ಸಮ ಇರಬೇಕು, ಕಾಲು ಗಟ್ಟಿ ಇರಬೇಕು. ಹೊರಗಿನಿಂದ ತರುವ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಬ್ರುಸೆಲ್ಲಾ ರೋಗ ಇದ್ದರೆ ಊರಿನ ದನವೆಲ್ಲ ಕಂದು ಹಾಕುತ್ತವೆ, ಅಂದರೆ ಗಬ್ಬ ಕಳೆದುಕೊಳ್ಳುತ್ತವೆ. ಮೂರು ವರ್ಷಕ್ಕೆ ಹೋರಿ ಬದಲಿಸಿ. ಅಷ್ಟು ಹೊತ್ತಿಗೆ ಅದರ ಮಗಳು ಬೆದೆಗೆ ಬರ್ತಾಳೆ, ಅಪ್ಪನೇ ಮಗಳ ಮೇಲೆ ಹಾರಿದರೆ ತಳಿ ಹಾಳು. ಮಾರಬೇಡಿ, ಆಚೆ ಊರಿನ ಹೋರಿಗೆ ಅದಲುಬದಲು ಮಾಡಿಕೊಳ್ಳಿ.

ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ, ಕಸ, ಅಂದರೆ ಮಾಸು, ಬೀಳಲಿ ಅಂತ ಕಾಯಬೇಡಿ. ಜಂತುಹುಳದ ಔಷಧಿ, ಕಾಲುಬಾಯಿ ರೋಗದ ಲಸಿಕೆ ತಪ್ಪಿಸಬೇಡಿ. ನಾಟಿ ದನಕ್ಕೆ ರೋಗ ಬರಲ್ಲ ಅನ್ನೋದು ಸುಳ್ಳು. ಕಾಡಿಗೆ ಹೋಗಿ ಬಂದ ದನದ ಮೈ ಸವರಿ ಉಣುಗು ನೋಡಿ. ಹಿಂಡಿ ರಾಶಿ ಹಾಕಬೇಡಿ, ಸಂಜೆ ಒಂದು ಬಾನಿ ಅಕ್ಕಚ್ಚು, ಅಕ್ಕಿ ತೊಳೆದ ನೀರು, ಸಾಕು.

“ಒಂದೇ ಮನೆಗೆ ಹೋರಿ ಸಾಕೋದು ಕಷ್ಟ” ಅಂತೀರಿ. ಒಪ್ಪಿದೆ. ಹತ್ತು ಮನೆ ಸೇರಿ ಸಾಕಿ. ಒಬ್ಬರ ಕೊಟ್ಟಿಗೆಯಲ್ಲಿ ಕಟ್ಟಿ, ಉಳಿದವರು ಹುಲ್ಲು ಕೊಡಿ. ಊರಿನ ಮೂವತ್ತು ನಲವತ್ತು ಹಸುವಿಗೆ ಒಂದು ಹೋರಿ ಧಾರಾಳ. ಈ ಮಳೆಗಾಲ ಯಾರ ಮನೆಯಲ್ಲಿ ಚೆಂದದ ಗಂಡುಕರು ಹುಟ್ಟುತ್ತೋ ಅದನ್ನು ಬಿಟ್ಟುಕೊಡಬೇಡಿ, ಬೀಜ ಒಡೆಸಬೇಡಿ, ನಿಮ್ಮ ಪಶು ವೈದ್ಯರಿಗೆ ತೋರಿಸಿ ಹೆಸರು ಬರೆಸಿ. ಮಿನಿ ಹಸು ಕೊಡಿಸಿ ಅಂತ ನನಗೆ ಫೋನ್ ಮಾಡುವವರು, ದಯವಿಟ್ಟು ಹೋರಿ ನೋಡಿಟ್ಟುಕೊಂಡು ಆಮೇಲೆ ಮಾಡಿ.

ನಮಸ್ಕಾರ.