ಕೈಗೆ ಹಳೆಯದು, ಕಣ್ಣಿಗೆ ಹೊಸದು

ಕೇಳುಗರಿಗೆ ನಮಸ್ಕಾರ.

ಊಟ ಮುಗಿಸಿ ಚಾವಡಿಯಲ್ಲಿ ಕುಳಿತವರು, ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಅಕ್ಕಂದಿರು, ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತಿರುವವರು, ಎಲ್ಲರಿಗೂ ಇವತ್ತು ವಿಡಿಯೋ ಗೇಮಿನ ವಿಷಯ ಹೇಳುತ್ತೇನೆ. ಅದು ಮಕ್ಕಳ ಸಂಗತಿ ಅಂತ ಸ್ಟೇಷನ್ ಬದಲಿಸಬೇಡಿ. ಮನೆಯಲ್ಲಿ ನಲವತ್ತು ದಾಟಿದವರು ಇದ್ದರೆ ಅವರನ್ನೂ ಕರೆಯಿರಿ. ಇದು ಹೆಚ್ಚಾಗಿ ಅವರದೇ ಕತೆ.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಗೇಮ್ ಡಿಸೈನ್ ಕಲಿಸುತ್ತೇನೆ. ಓಡುವುದು, ಹಾರುವುದು, ಗುಂಡಿ ದಾಟುವುದು, ಹೀಗಿರುವ ಆಟಗಳಿಗೆ ನಾವು ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತೇವೆ. ನಿಮಗೆ ಗೊತ್ತಿರುವ ಹೆಸರು ಹೇಳಬೇಕಾದರೆ, ಮಾರಿಯೋ. ಜಪಾನಿನ ನಿಂಟೆಂಡೋ ಕಂಪನಿಯ ಸೂಪರ್ ಮಾರಿಯೋ ಬ್ರದರ್ಸ್ ಬಂದದ್ದು 1985ರಲ್ಲಿ. ಅದೇ ಸಾಲಿನ ಹೊಸ ಆಟ ಸೂಪರ್ ಮಾರಿಯೋ ಬ್ರದರ್ಸ್ ವಂಡರ್ ಬಂದದ್ದು 2023ರಲ್ಲಿ. ನಡುವೆ 38 ವರ್ಷ. ಅದೇ ಮೀಸೆ, ಅದೇ ಕೆಂಪು ಟೋಪಿ. ಆದರೂ ಹಳಸಲಿಲ್ಲ. ಹೇಗೆ?

ನನ್ನ ಉತ್ತರ ಒಂದೇ. ಕೈಗೆ ಹಳೆಯದು, ಕಣ್ಣಿಗೆ ಹೊಸದು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನಮ್ಮ ಸೋದರಮಾವನ ಕತೆ ಹೇಳುತ್ತೇನೆ. ಆಗ ಎಲ್ಲ ಅರ್ಥವಾಗುತ್ತದೆ.

1994ರ ಬೇಸಿಗೆ ರಜೆ. ಕಿನ್ನಿಗೋಳಿಯ ಅಜ್ಜಿ ಮನೆ. ಮಾವ ಮಸ್ಕತ್ತಿನಿಂದ ರಜೆಯಲ್ಲಿ ಬಂದಿದ್ದರು. ಅತ್ತರು, ಟ್ಯಾಂಗ್ ಡಬ್ಬಿ, ಅಜ್ಜಿಗೆ ಕಂಬಳಿ, ಎಲ್ಲ ಹೊರಗೆ ಬಂದ ಮೇಲೆ ಪೆಟ್ಟಿಗೆಯ ತಳದಿಂದ ಒಂದು ಟಿವಿ ಗೇಮ್ ಬಂತು. ಎರಡು ರಿಮೋಟ್, ಒಂದು ಹಳದಿ ಕ್ಯಾಸೆಟ್. ನಾವು ಆರು ಮಂದಿ ಮಕ್ಕಳು ಕೆಂಪು ನೆಲದ ಮೇಲೆ ಟಿವಿಯ ಮುಂದೆ ಸಾಲಾಗಿ ಕುಳಿತೆವು. ಮೊದಲು ಆಡಿದ್ದು ಮಾವನೇ. ಅಣಬೆಯಂಥ ಮೊದಲ ಶತ್ರು ಎದುರಿನಿಂದ ನಡೆದು ಬಂತು, ತಾಗಿತು, ಮಾರಿಯೋ ಸತ್ತ. ಎರಡನೇ ಸಲ ಮಾವ ಅದರ ಮೇಲೆ ಹಾರಿದರು. ಯಾರೂ ಹೇಳಿಕೊಡಲಿಲ್ಲ. ಪ್ರಶ್ನೆ ಗುರುತಿನ ಪೆಟ್ಟಿಗೆಗೆ ತಲೆ ಹೊಡೆದಾಗ ನಿಜವಾದ ಅಣಬೆಯೊಂದು ಹೊರಗೆ ಬಂದು ಬಲಕ್ಕೆ ಹೋಯಿತು. ಮುಂದಿದ್ದ ಪೈಪಿಗೆ ಬಡಿದು ವಾಪಸ್ ನಮ್ಮ ಕಡೆಗೇ ಬಂತು. ಅದು ತಾಗಿದಾಗ ಮಾರಿಯೋ ದೊಡ್ಡವನಾದ. ಆ ಪೈಪನ್ನು ಅಲ್ಲಿ ಸುಮ್ನೆ ಇಟ್ಟದ್ದಲ್ಲ, ಕೇಳುಗರೇ. ಈ ಅಣಬೆ ಶತ್ರುವಲ್ಲ ಅಂತ ಒಂದಕ್ಷರ ಬರೆಯದೆ ಕಲಿಸುವ ಪಾಠ ಅದು. ನಿಂಟೆಂಡೋದ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಸೇರಿ ಮಾಡಿದ್ದು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ತೋರಿಸುವುದು ಇದನ್ನೇ.

ಆ ರಜೆಯಲ್ಲಿ ಮಾವ ಎಲ್ಲ ಗುಟ್ಟು ಕಂಡುಹಿಡಿದರು. ನಾಲ್ಕನೇ ಪೈಪಿನ ಮೇಲೆ ನಿಂತು ಕೆಳಗಿನ ಬಟನ್ ಒತ್ತಿದರೆ ನೆಲದಡಿ ನಾಣ್ಯದ ಕೋಣೆ. ಓಡುವ ಬಟನ್ ಒತ್ತಿ ಹಿಡಿದೇ ಅದೇ ಹೆಬ್ಬೆರಳನ್ನು ಸ್ವಲ್ಪ ಹೊರಳಿಸಿ ಹಾರುವ ಬಟನ್ ಒತ್ತಬೇಕು. ಜಾಸ್ತಿ ಹೊತ್ತು ಒತ್ತಿದರೆ ಎತ್ತರದ ಹಾರಾಟ, ತಟ್ಟಿ ಬಿಟ್ಟರೆ ಸಣ್ಣ ಹಾರಾಟ. ಕೊನೆಯ ಕೋಟೆಯ ಹತ್ತಿರ ಹೋದಾಗ ಕರೆಂಟ್ ಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮೇ ಕೊನೆಗೆ ಮಾವ ಮಸ್ಕತ್ತಿಗೆ ಹೊರಟಾಗ ಅವರ ಹೆಬ್ಬೆರಳಿನಲ್ಲಿ ದಡ್ಡು ಕಟ್ಟಿತ್ತು.

ಆಮೇಲೆ ಸುಮಾರು ಮೂವತ್ತು ವರ್ಷ ಅವರು ಯಾವ ಗೇಮನ್ನೂ ಮುಟ್ಟಲಿಲ್ಲ. ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದರು. ಕಳೆದ ವರ್ಷ ಒಂದು ಭಾನುವಾರ ನಾನು ಅವರ ಕೈಗೆ ವಂಡರ್ ಆಟ ಕೊಟ್ಟೆ. "ನನಗೆಂಥ ಗೊತ್ತಾಗ್ತದೆ ಮಾರಾಯ್ತಿ, ಕನ್ನಡಕ ಬೇರೆ ಬದಲಾಗಿದೆ" ಎಂದರು. ನಾನು ಏನೂ ಹೇಳಿಕೊಡಲಿಲ್ಲ. ಅವರ ಕೈಯನ್ನೇ ನೋಡುತ್ತಾ ಕುಳಿತೆ. ಹೆಬ್ಬೆರಳು ಓಡುವ ಬಟನ್ ಮೇಲೆ ಕುಳಿತಿತು. ಹೊರಳಿತು. ಮಾರಿಯೋ ಹಾರಿದ. ಮಾವನಿಗೆ ನೆನಪಾಗುವ ಮೊದಲೇ ಬೆರಳಿಗೆ ನೆನಪಾಗಿತ್ತು!

ಮುಂದೆ ಒಂದು ಹಸಿರು ಪೈಪ್ ಬಂತು. ಮಾವ ಅದರ ಮೇಲೆ ನಿಂತು ಕೆಳಗಿನ ಬಟನ್ ಒತ್ತಿ ನೋಡಿದರು, ಹಳೆ ಅಭ್ಯಾಸ. ಸ್ವಲ್ಪ ಮುಂದೆ ಒಂದು ಹೂ ಸಿಕ್ಕಿತು, ಮುಟ್ಟಿದರು. ಅಷ್ಟೇ. ನಿಂತಿದ್ದ ಪೈಪುಗಳು ಎದ್ದು ಕಂಬಳಿಹುಳದ ಹಾಗೆ ಮೈ ಬಳುಕಿಸುತ್ತಾ ನಡೆಯತೊಡಗಿದವು. ಮಾವ ಎದ್ದೇ ನಿಂತರು. "ಎಂಥ ಮಾರಾಯ್ತಿ ಇದು, ಪೈಪಿಗೆ ಜೀವ ಬಂತಾ!" ಅವರು ಹಾಗೆ ನಕ್ಕದ್ದನ್ನು ನಾನು ಆ 1994ರ ರಜೆಯ ಮೇಲೆ ನೋಡಿರಲಿಲ್ಲ.

ಇದೇ ನೋಡಿ. ಪೈಪು ಅಲುಗಾಡದ ವಸ್ತು ಅಂತ ಮೂವತ್ತು ವರ್ಷದಿಂದ ನಂಬಿದ್ದವರಿಗೆ ಮಾತ್ರ ಅದು ನಡೆದಾಗ ಇಷ್ಟು ಬೆರಗಾಗುತ್ತದೆ. ಹಳೆಯದು ಗಟ್ಟಿಯಾಗಿ ಕೈಯಲ್ಲಿದ್ದರೆ ಹೊಸದು ಜೋರಾಗಿ ಹೊಡೆಯುತ್ತದೆ. ಕೈಗೆ ಹಳೆಯದು, ಕಣ್ಣಿಗೆ ಹೊಸದು.

ಕಟೀಲು ಮೇಳದ ದೇವಿ ಮಹಾತ್ಮೆ ಯಕ್ಷಗಾನ ಆಟ ನೋಡಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದ್ಯ ಹಳೆಯದು, ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ರಾತ್ರಿಯದು. ಮಹಿಷಾಸುರ ನಮ್ಮ ಬೆನ್ನ ಹಿಂದಿನಿಂದ ಬರುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ಚೆಂಡೆ ಜೋರಾದಾಗ ಎಲ್ಲರ ತಲೆಯೂ ತಿರುಗುತ್ತದೆ, ಅಲ್ವಾ?

ಇದನ್ನು ಉಲ್ಟಾ ಮಾಡಿದರೆ ಏನಾಗುತ್ತದೆ? ಸೋನಿಕ್ ನೋಡಿ. ಸೆಗಾ ಕಂಪನಿಯ ನೀಲಿ ಮುಳ್ಳುಹಂದಿ, 1991ರಲ್ಲಿ ಬಂದದ್ದು. ಇಳಿಜಾರಿನಲ್ಲಿ ಉರುಳಿ ವೇಗ ಪಡೆಯುವುದೇ ಅದರ ಜೀವ. 2010ರಲ್ಲಿ ಸೋನಿಕ್ 4 ಬಂತು. ಹಳೆ ಆಟದಂಥದೇ ಗುಡ್ಡ, ಹಳೆ ಆಟದಂಥದೇ ಕ್ಯಾಸಿನೋ. ಕಣ್ಣಿಗೆ ಎಲ್ಲವೂ ಹಳೆಯದು. ಆದರೆ ಬಟನ್ ಬಿಟ್ಟ ಕೂಡಲೇ ಸೋನಿಕ್ ಗಕ್ಕನೆ ನಿಲ್ಲುತ್ತಿತ್ತು. ಮೊದಲಿನ ಹಾಗೆ ಜಾರಿ ಮುಂದೆ ಹೋಗುತ್ತಿರಲಿಲ್ಲ. ಹಳೆ ಅಭಿಮಾನಿಗಳು ಒಂದೇ ನಿಮಿಷದಲ್ಲಿ ಗುರುತಿಸಿದರು. ಚಿತ್ರ ಹಾಗೇ ಉಳಿಸಿ ಕೈಯನ್ನು ಬದಲಿಸಿದರು. ತಪ್ಪು ಕೆಲಸ.

ಅದನ್ನು ಸರಿ ಮಾಡಿದ್ದು ಒಬ್ಬ ಅಭಿಮಾನಿ. ಆಸ್ಟ್ರೇಲಿಯಾದ ಕ್ರಿಶ್ಚಿಯನ್ ವೈಟ್‌ಹೆಡ್. ಮೊದಲು ಹವ್ಯಾಸಕ್ಕೆ ಸೋನಿಕ್ ಆಟ ಮಾಡುತ್ತಿದ್ದವರು. ಅವರ ತಂಡ ಸೆಗಾಗೆ ಮಾಡಿಕೊಟ್ಟ ಸೋನಿಕ್ ಮೇನಿಯಾ 2017ರಲ್ಲಿ ಬಂತು. ಉರುಳುವ ವೇಗ ಹಳೆಯ ಹಾಗೇ. ಹಳೆ ಜಾಗಗಳ ಮೊದಲ ಭಾಗ ಗುರುತು ಸಿಗುವಂಥದು, ಎರಡನೇ ಭಾಗದಲ್ಲಿ ಹೊಸ ದಾರಿಗಳು. ನಾನು ಅದನ್ನು ಮೂರು ಸಲ ಆಡಿ ಮುಗಿಸಿದ್ದೇನೆ.

ನನ್ನ ವಿದ್ಯಾರ್ಥಿಗಳು ಬಂದು ಮೊದಲು ಕೇಳುವುದು, "ಮೇಡಂ, ಗ್ರಾಫಿಕ್ಸ್ ಹೇಗಿದೆ?" ಗ್ರಾಫಿಕ್ಸ್ ಬಿಡಿ ಮಕ್ಕಳೇ. ಮೊದಲು ಹಾರಿ ನೋಡಿ. 1996ರಲ್ಲಿ ಬಂದ ಮಾರಿಯೋ 64 ಮಾಡುವಾಗ ಆಟ ಪೂರ್ತಿ ತ್ರೀಡಿ ಆಯಿತು, ಕಣ್ಣಿಗೆ ಎಲ್ಲವೂ ಬದಲು. ಮಿಯಾಮೊಟೊ ತಂಡ ಏನು ಮಾಡಿತು ಗೊತ್ತಾ? ಊರು, ಕೋಟೆ ಕಟ್ಟುವ ಮೊದಲು ಮಾರಿಯೋನನ್ನು ಒಂದು ಮೊಲದ ಹಿಂದೆ ಓಡಿಸಿ ನೋಡಿತು. ಓಡುವುದು, ತಿರುಗುವುದು ಕೈಗೆ ಹಿತವಾಗಿದೆಯೇ ಎಂದು ನೋಡಿಕೊಂಡೇ ಮುಂದಿನ ಕೆಲಸ.

ಸಮಯ ಮುಗಿಯುತ್ತಾ ಬಂತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಹೇಳಲು ಇನ್ನೂ ತುಂಬಾ ಇತ್ತು. 2012ರಲ್ಲಿ ನಿಂಟೆಂಡೋ ಒಂದೇ ವರ್ಷ ಎರಡು ಮಾರಿಯೋ ಆಟ ತಂದಿತು. ಕೈಗೂ ಹಳೆಯದು, ಕಣ್ಣಿಗೂ ಹಳೆಯದು. ನನಗೆ ಬೇಸರ ಬಂತು. ಮೆಗಾ ಮ್ಯಾನ್ 9 ಎಂಬ ಆಟ 2008ರಲ್ಲಿ ಬೇಕೆಂದೇ ಎಂಬತ್ತರ ದಶಕದ ಚಿತ್ರಗಳಲ್ಲಿ ಬಂತು, ಅದರ ವಿಷಯ ಇನ್ನೊಂದು ದಿನ.

ನಿಮ್ಮ ಮನೆಯ ಅಟ್ಟದಲ್ಲಿ ಹಳೆ ಟಿವಿ ಗೇಮ್ ಇದ್ದರೆ ಗುಜರಿಗೆ ಕೊಡಬೇಡಿ. ಇಳಿಸಿ ಒರೆಸಿ ಇಡಿ. ಹೊಸ ಆಟ ಮಕ್ಕಳ ಹತ್ತಿರ ಇದ್ದರೆ ಒಮ್ಮೆ ಕೇಳಿ ಕೈಗೆ ತೆಗೆದುಕೊಳ್ಳಿ. ಹೆಬ್ಬೆರಳು ಏನು ಮಾಡುತ್ತದೆ ನೋಡಿ. ನಮ್ಮ ಮಾವ ಈಗ ವಂಡರ್ ಆಟದ ನಾಲ್ಕನೇ ಲೋಕ ಆಡುತ್ತಿದ್ದಾರೆ, ಭಾನುವಾರ ನಾನು ಕಿನ್ನಿಗೋಳಿಗೆ ಹೋಗುವುದು ತಡವಾದರೆ ಫೋನ್ ಬರುತ್ತದೆ.

ನಮಸ್ಕಾರ.