ಸ್ಪೀಡ್‌ಬಾಲ್ 2: ಮೊದಲ ದುಡ್ಡು ಸೆಂಟರ್ ಮಿಡ್‌ಫೀಲ್ಡರ್‌ಗೆ

ಮಡಿಕೇರಿಯಲ್ಲಿ ಮಳೆ ಹಿಡಿದ ಮೇಲೆ ಮೈದಾನದ ಮಾತೇ ಇಲ್ಲ. ಏಪ್ರಿಲ್, ಮೇ ತಿಂಗಳ ಕೌಟುಂಬಿಕ ಹಾಕಿಯ, ಅಂದ್ರೆ ಕೊಡವ ಮನೆತನಗಳ ನಡುವಿನ ಪಂದ್ಯಾವಳಿಯ, ಗದ್ದಲ ಮುಗಿದು, ಸ್ಟಿಕ್‌ಗಳು ಮೂಲೆ ಸೇರಿ, ಹೊರಗೆ ಧೋ ಅಂತ ಸುರೀತಾ ಇರುತ್ತೆ. ಇಂಥ ದಿನಗಳಿಗೆ, ಅದರಲ್ಲೂ ಹಾಕಿ ಗೊತ್ತಿರೋರಿಗೆ, ಹೇಳಿ ಮಾಡಿಸಿದ ಹಾಗಿರೋ ಒಂದು ಹಳೇ ಗೇಮ್ ಇದೆ: ಸ್ಪೀಡ್‌ಬಾಲ್ 2, ಬ್ರೂಟಲ್ ಡಿಲಕ್ಸ್. 1990ರಲ್ಲಿ ಇಂಗ್ಲೆಂಡಿನ ಬಿಟ್‌ಮ್ಯಾಪ್ ಬ್ರದರ್ಸ್ ತಂಡ ಅಮಿಗಾ ಮತ್ತು ಅಟಾರಿ ಎಸ್‌ಟಿ ಕಂಪ್ಯೂಟರ್‌ಗಳಿಗೆ ಮಾಡಿದ್ದು. ಇವತ್ತು ತೆರೆ ಮೇಲೆ ನೋಡ್ತಿರೋದು ಆ ಅಮಿಗಾ ಆವೃತ್ತಿ. 2013ರಲ್ಲಿ ವಿಂಡೋಸ್‌ಗೆ ಎಚ್‌ಡಿ ಆವೃತ್ತಿಯೂ ಬಂತು.

ಕಥೆ ಚಿಕ್ಕದು. ಕಾಲ 2105. ನಿಮ್ಮ ಕೈಗೆ ಸಿಗೋದು ಬ್ರೂಟಲ್ ಡಿಲಕ್ಸ್ ಅನ್ನೋ ತಂಡ, ಲೀಗ್‌ನಲ್ಲೇ ಅತಿ ದುರ್ಬಲ ತಂಡ. ಎರಡನೇ ಡಿವಿಷನ್‌ನಿಂದ ಶುರು ಮಾಡಿ ಮೊದಲನೇ ಡಿವಿಷನ್‌ಗೆ ಏರಬೇಕು. ಸುತ್ತ ಉಕ್ಕಿನ ಗೋಡೆ ಇರೋ ಮೈದಾನ, ಮೈಗೆ ಕವಚ, ಲೋಹದ ಚೆಂಡು, ಕೈಯಲ್ಲೇ ಎಸೆತ. ಫೌಲ್ ಅನ್ನೋದೇ ಇಲ್ಲ. ಒಂದು ಕಡೆಗೆ ಒಂಬತ್ತು ಜನ: ಗೋಲಿ (ಗೋಲ್‌ಕೀಪರ್), ಇಬ್ಬರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. ಹೊರಗೆ ಮೂವರು ಬದಲಿ ಆಟಗಾರರು. ಒಂದು ಹಾಫ್‌ಗೆ 90 ಸೆಕೆಂಡ್, ಅಂಥ ಎರಡು ಹಾಫ್. ಮೂರು ನಿಮಿಷಕ್ಕೆ ಪಂದ್ಯ ಖಲಾಸ್.

ಪಂದ್ಯ ಮುಗಿದ ತಕ್ಷಣ ಗೇಮ್ ಮುಗಿಯಲ್ಲ, ಇನ್ನೊಂದು ಅರ್ಧ ಆಗ ತೆರೆದುಕೊಳ್ಳುತ್ತೆ. ಜಿಮ್‌ಗೆ ಹೋಗಿ ಆಟಗಾರರಿಗೆ ಕವಚ ಕೊಳ್ಳಬಹುದು, ಟ್ರಾನ್ಸ್‌ಫರ್ ಪಟ್ಟಿಯಿಂದ ಹೊಸಬರನ್ನ ತರಬಹುದು. ಹೆಚ್ಚಿನವರು ಎಡವೋದು ಇಲ್ಲೇ. ಬಂದ ಹಣವನ್ನ ಪ್ರಸಾದ ಹಂಚಿದ ಹಾಗೆ ಒಂಬತ್ತೂ ಜನಕ್ಕೆ ಸಮನಾಗಿ ಹಂಚ್ತಾರೆ. ಪ್ರತಿಯೊಬ್ಬರೂ ಚೂರು ಚೂರು ಸುಧಾರಿಸ್ತಾರೆ, ಎದುರು ತಂಡವನ್ನ ಮೀರಿಸೋನು ಒಬ್ಬನೂ ಇರಲ್ಲ. ಐದಾರು ಪಂದ್ಯ ಕಳೆದರೂ ತಂಡ ಇದ್ದಲ್ಲೇ ಇರುತ್ತೆ.

ಮೊದಲ ದುಡ್ಡು ಸೆಂಟರ್ ಮಿಡ್‌ಫೀಲ್ಡರ್‌ಗೇ ಹೋಗಬೇಕು. ಕಾರಣ ಮೈದಾನದ ನಡುವೆಯೇ ಕಾಣುತ್ತೆ. ಹಾಕಿಯಲ್ಲಿ ಗೋಲ್ ಬಿದ್ದರೆ ಸೆಂಟರ್ ಪಾಸ್ ಸಿಗೋದು ಗೋಲ್ ತಿಂದ ತಂಡಕ್ಕೆ. ಇಲ್ಲಿ ಆ ರಿಯಾಯಿತಿ ಇಲ್ಲ. ಗೋಲ್ ಆದ ಪ್ರತಿ ಸಲವೂ ಚೆಂಡು ಮಧ್ಯದಿಂದ ಮೇಲಕ್ಕೆ ಚಿಮ್ಮುತ್ತೆ, ಎರಡೂ ಕಡೆಯ ಸೆಂಟರ್‌ಗಳು ಜಿಗಿದು ಕಿತ್ತಾಡಬೇಕು. ಗೋಲ್ ಹೊಡೆದ ತಂಡವೇ ಮತ್ತೆ ಚೆಂಡು ಹಿಡಿದರೆ ಎದುರಾಳಿಗೆ ಚೆಂಡು ಮುಟ್ಟೋಕೂ ಸಿಗಲ್ಲ. ನಡುವಿನ ಆ ಒಬ್ಬ ಗಟ್ಟಿಯಾದರೆ ಪಂದ್ಯದ ಅರ್ಧ ಭಾರ ಇಳಿದ ಹಾಗೇ.

ಒಬ್ಬೊಬ್ಬ ಆಟಗಾರನಿಗೂ ಎಂಟು ಗುಣಗಳಿವೆ, ಜಿಮ್‌ನಲ್ಲಿ ಕವಚ ಕೊಂಡ ಹಾಗೆ ಇವೇ ಏರೋದು: ಅಗ್ರೆಶನ್, ಅಟ್ಯಾಕ್, ಡಿಫೆನ್ಸ್, ಸ್ಪೀಡ್, ಥ್ರೋಯಿಂಗ್, ಪವರ್, ಸ್ಟ್ಯಾಮಿನಾ, ಇಂಟೆಲಿಜೆನ್ಸ್. ಸೆಂಟರ್ ಮಿಡ್‌ಫೀಲ್ಡರ್‌ಗೆ ಮೊದಲು ಸ್ಪೀಡ್, ಆಮೇಲೆ ಅಟ್ಯಾಕ್, ಆಮೇಲೆ ಥ್ರೋಯಿಂಗ್. ಇಂಟೆಲಿಜೆನ್ಸ್ ಅವನಿಗೆ ಕೊನೆಗೆ ಕೊಟ್ಟರೂ ನಡೆಯುತ್ತೆ. ಯಾಕೆ ಅಂದ್ರೆ ಚೆಂಡಿನ ಹತ್ತಿರ ಇರೋ ಆಟಗಾರ ತಾನಾಗಿ ನಿಮ್ಮ ಕೈಗೆ ಬರ್ತಾನೆ, ಮಿಕ್ಕವರನ್ನ ಕಂಪ್ಯೂಟರ್ ಓಡಿಸುತ್ತೆ. ನಡುವಿನವನಿಗೆ ಹೆಚ್ಚು ಹೊತ್ತು ನಿಮ್ಮ ಬುದ್ಧಿಯೇ ಕೆಲಸ ಮಾಡ್ತಿರುತ್ತೆ. ಜಾಗ ನೋಡಿ ತಾನೇ ನಿಂತುಕೊಳ್ಳಬೇಕಾದವರು ಎರಡು ಬದಿಯ ಫಾರ್ವರ್ಡ್‌ಗಳು. ಇಂಟೆಲಿಜೆನ್ಸ್ ಅಲ್ಲಿಗೆ ಹಾಕಿ, ಜೊತೆಗೆ ಸ್ಪೀಡ್ ಕೂಡ. ಭಾರತ ಹಾಕಿ ತಂಡದಲ್ಲಿ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಬದಿಯಲ್ಲಿ ಓಡ್ತಿದ್ದದ್ದನ್ನ ನೋಡಿದವರಿಗೆ ವಿಂಗ್‌ನಲ್ಲಿ ವೇಗ ಏನು ಮಾಡಬಲ್ಲದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಡಿಫೆಂಡರ್‌ಗಳಿಗೆ ಡಿಫೆನ್ಸ್ ಮತ್ತು ಸ್ಟ್ಯಾಮಿನಾ. ಗೋಲಿಗೆ ಒಂದೆರಡು ತುಂಡು ಕವಚ ಸಾಕು, ಡಿವಿಷನ್ ಏರಿದ ಮೇಲೆ ನೋಡಿಕೊಳ್ಳಬಹುದು.

ಈಗ ಮೈದಾನಕ್ಕೆ ಬರೋಣ. ಗೋಲ್‌ಗೆ 10 ಪಾಯಿಂಟ್. ಎದುರಾಳಿ ಗಾಯಗೊಂಡು ಹೊರಗೆ ಹೋದರೆ ಅದಕ್ಕೂ 10. ಮೈದಾನದಲ್ಲಿರೋ ಗುಮ್ಮಟಕ್ಕೆ ಚೆಂಡು ತಾಗಿಸಿದರೆ 2. ಗೋಡೆಯಲ್ಲಿ ಐದು ನಕ್ಷತ್ರಗಳಿವೆ, ಒಂದು ಬೆಳಗಿಸಿದರೆ 2, ಐದೂ ಬೆಳಗಿಸಿದರೆ ಮೇಲೆ ಇನ್ನೂ 10. ಅಂದ್ರೆ ಐದು ನಕ್ಷತ್ರ ಎರಡು ಗೋಲ್‌ಗೆ ಸಮ. ಕೇಳೋಕೆ ಚೆನ್ನಾಗಿದೆ. ಆದರೆ ಎದುರಾಳಿ ಚೆಂಡು ಹೊಡೆದು ಹೊತ್ತಿದ ನಕ್ಷತ್ರವನ್ನ ಆರಿಸಬಹುದು. ನಾಲ್ಕು ಬೆಳಗಿಸಿ ಐದನೆಯದರ ಹಿಂದೆ ಓಡೋ ಹೊತ್ತಿಗೆ ಎರಡು ಆರಿರುತ್ತೆ. ಗೋಲ್‌ಗೆ ಹೋಗೋ ದಾರಿಯಲ್ಲಿ ಸಿಕ್ಕರೆ ಹೊಡೀರಿ, ಅದಕ್ಕೋಸ್ಕರ ದಾರಿ ಬಿಡಬೇಡಿ.

ಸಮಯ ಕೊಡಬೇಕಾದ್ದು ಮಲ್ಟಿಪ್ಲೈಯರ್‌ಗೆ. ಎರಡೂ ಬದಿ ಗೋಡೆಗಳಲ್ಲಿ ಸುರುಳಿಯ ದಾರಿ ಇದೆಯಲ್ಲ, ಅದು. ಒಂದು ಸಲ ಚೆಂಡು ಅದರೊಳಗೆ ಹಾಯಿಸಿದರೆ ನಿಮ್ಮ ಪಾಯಿಂಟ್ ಒಂದೂವರೆ ಪಟ್ಟು, ಎರಡು ಸಲ ಹಾಯಿಸಿದರೆ ಎರಡು ಪಟ್ಟು. 10ರ ಗೋಲ್ 15 ಆಗುತ್ತೆ, ಆಮೇಲೆ 20. ಲೆಕ್ಕ ಹಾಕಿ ನೋಡಿ: 40 ಸೆಕೆಂಡ್ ಉಳಿದಿದೆ, ನೀವು 30 ಪಾಯಿಂಟ್ ಹಿಂದೆ. ನೇರವಾಗಿ ಗೋಲ್‌ಗೆ ನುಗ್ಗಿದರೆ ಮೂರು ಗೋಲ್‌ಗೆ ಬರೀ ಡ್ರಾ, ಗೆಲ್ಲೋಕೆ ನಾಲ್ಕು ಬೇಕು. ಮೊದಲು ಎರಡು ಸಲ ಸುರುಳಿ ಹಾಯಿಸಿದರೆ ಎರಡೇ ಗೋಲ್‌ಗೆ 40, ಪಂದ್ಯ ನಿಮ್ಮದು. ಎದುರಾಳಿ ಅದೇ ಸುರುಳಿಗೆ ಎಸೆದರೆ ನಿಮ್ಮ ಮಟ್ಟ ಇಳಿಯುತ್ತೆ. ಹಾಗಾಗಿ ಎರಡನೇ ಸಲ ಹಾಯಿಸಿದ ಕೂಡಲೇ ಗೋಲ್ ಕಡೆ ತಿರುಗಿ, ಕಾಯಬೇಡಿ.

ಈ ಚಲನೆಯನ್ನ ನಿಧಾನವಾಗಿ ತೋರಿಸ್ತೀವಿ, ನೋಡಿ. ಚೆಂಡು ಚಿಮ್ಮಿತು. ಬಟನ್ ಒತ್ತಿದ್ರೆ ನಮ್ಮ ಸೆಂಟರ್ ಜಿಗಿದು ಹಿಡಿದ. ನಿಲ್ಲಲಿಲ್ಲ, ಸೀದಾ ಬದಿಗೆ ಓಡಿದ. ಗೋಡೆಗೆ ತೀರಾ ಅಂಟಿಕೊಂಡರೆ ಕೋನ ಸಿಗಲ್ಲ, ಸುರುಳಿಯ ಬಾಯಿ ತಪ್ಪಿ ಚೆಂಡು ಗೋಡೆಗೆ ಬಡಿದು ಎದುರಾಳಿ ಕೈ ಸೇರುತ್ತೆ. ಸ್ವಲ್ಪ ಒಳಗಿಂದಲೇ ಎಸೆದ. ಚೆಂಡು ಸುತ್ತಿ ಹೊರಗೆ ಬರೋ ಹೊತ್ತಿಗೆ ಅಲ್ಲಿ ನಮ್ಮ ಇನ್ನೊಬ್ಬ ಮಿಡ್‌ಫೀಲ್ಡರ್ ಇದ್ದಾನೆ. ಅಲ್ಲಿ ಜನ ಇಲ್ಲದಿದ್ದರೆ ಸುರುಳಿ ಹಾಯಿಸಿಯೂ ಪ್ರಯೋಜನ ಇಲ್ಲ, ಚೆಂಡು ಅವರದ್ದಾಗುತ್ತೆ.

ಬಟನ್ ಒಂದೇ. ಚೆಂಡು ಕೈಯಲ್ಲಿದ್ದರೆ ಎಸೆತ, ಗಾಳಿಯಲ್ಲಿದ್ದರೆ ಜಿಗಿತ, ಎದುರಾಳಿ ಬಳಿ ಇದ್ದರೆ ಟ್ಯಾಕಲ್. ಹೊಸಬರು ಗಾಬರಿಯಲ್ಲಿ ಬಟನ್ ಒತ್ತುತ್ತಲೇ ಇರ್ತಾರೆ. ಟ್ಯಾಕಲ್ ಗುರಿ ತಪ್ಪಿದರೆ ಆಟಗಾರ ಜಾರಿಕೊಂಡು ಹೋಗ್ತಾನೆ, ಎದ್ದು ಬರೋದರೊಳಗೆ ಎದುರಾಳಿ ದಾಟಿರ್ತಾನೆ. ಮುಂದೆ ಹೋಗಿ ದಾರಿ ಅಡ್ಡಗಟ್ಟಿ, ಹತ್ತಿರ ಬಂದ ಮೇಲೆ ಒಂದೇ ಸಲ ಒತ್ತಿ. ಮೈದಾನದಲ್ಲಿ ನಾಣ್ಯ ಬಿದ್ದಿದ್ದರೆ ಅದರ ಮೇಲೆ ಹಾದು ಹೋಗಿ. ಜಿಮ್‌ನ ಖರ್ಚಿಗೆ ಅದೂ ಆಗುತ್ತೆ.

ಟ್ರಾನ್ಸ್‌ಫರ್‌ಗೆ ಯಾವಾಗ ಕೈ ಹಾಕೋದು? ಕೌಟುಂಬಿಕ ಹಾಕಿಯಲ್ಲಿ ಒಕ್ಕದವರನ್ನೇ (ಒಂದೇ ಮನೆತನದವರನ್ನೇ) ಕಟ್ಟಿಕೊಂಡು ಆಡಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗಿನಿಂದ ಅದರ ಸೊಗಸೇ ಅದು. ಇಲ್ಲಿ ಹೊರಗಿನವರನ್ನ ತರೋದಕ್ಕೆ ಅಡ್ಡಿಯಿಲ್ಲ. ಆದರೆ ಕವಚ ಹಾಕಿಸಿ ಬೆಳೆಸಿದ ಆಟಗಾರನನ್ನೇ ಬದಲಾಯಿಸಿದರೆ ಅವನ ಮೇಲೆ ಸುರಿದ ಹಣ ವ್ಯರ್ಥ. ಯಾರನ್ನ ಕೊಳ್ಳಬೇಕು ಅಂತ ಮೊದಲೇ ತೀರ್ಮಾನಿಸಿ, ಆ ಜಾಗಕ್ಕೆ ಅಲ್ಲಿವರೆಗೆ ಜಿಮ್ ಖರ್ಚು ಮಾಡಬೇಡಿ. ಕೊಳ್ಳೋದಾದರೆ ಒಬ್ಬ ಒಳ್ಳೇ ಸೆಂಟರ್ ಫಾರ್ವರ್ಡ್. ಸುರುಳಿಯಿಂದ ಹೊರಟ ದಾಳಿ ಮುಗಿಯೋದು ಅವನ ಎಸೆತದಲ್ಲಿ.

ಉಪಕರಣದ ವಿಷಯಕ್ಕೆ ಬಂದರೆ, ಟಿವಿಗೆ ಜೋಡಿಸಿ ಆಡ್ತಿದ್ದರೆ ಗೇಮ್ ಮೋಡ್ ಆನ್ ಮಾಡಿ. ಚಿತ್ರ ಚಂದ ಮಾಡೋ ಸೆಟ್ಟಿಂಗ್‌ಗಳು ಬಟನ್ ಒತ್ತಿದ್ದಕ್ಕೂ ತೆರೆ ಮೇಲೆ ಜಿಗಿದದ್ದಕ್ಕೂ ನಡುವೆ ತಡ ಮಾಡುತ್ತವೆ, ಚಿಮ್ಮಿದ ಚೆಂಡು ಅಷ್ಟರಲ್ಲೇ ಕೈತಪ್ಪುತ್ತೆ. ಕಂಟ್ರೋಲರ್‌ನಲ್ಲಿ ಅನಲಾಗ್ ಸ್ಟಿಕ್ ಬಿಟ್ಟು ಡಿ-ಪ್ಯಾಡ್ (ದಿಕ್ಕಿನ ಬಟನ್‌ಗಳು) ಬಳಸಿ. ಈ ಗೇಮ್‌ಗೆ ಗೊತ್ತಿರೋದು ಎಂಟೇ ದಿಕ್ಕು, ಸ್ಟಿಕ್ ಸ್ವಲ್ಪ ಓರೆಯಾದರೂ ಎಸೆತ ಬೇರೆ ಕಡೆ ಹೋಗುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಮರ ಬಿದ್ದರೆ ದಿನಗಟ್ಟಲೆ ಇಲ್ಲ. ಪ್ರತಿ ಪಂದ್ಯ ಆದ ಮೇಲೆ ಜಿಮ್ ಕೆಲಸ ಮುಗಿಸಿ, ಲೀಗ್ ಸೇವ್ ಮಾಡಿ, ಆಮೇಲೆ ಮುಂದಿನ ಪಂದ್ಯ.

ಮೊದಲನೇ ಡಿವಿಷನ್‌ನಲ್ಲಿ ಕಾದಿರೋದು ಸೂಪರ್ ನಾಶ್ವಾನ್, ಎಲ್ಲಕ್ಕಿಂತ ಬಲಶಾಲಿ ತಂಡ. ಅವರ ಜೊತೆ ಮೈ ಮುಟ್ಟಿ ಹೊಡೆದಾಟಕ್ಕೆ ಇಳಿಯಬೇಡಿ. ನಿಮ್ಮವನೊಬ್ಬ ಸ್ಟ್ರೆಚರ್ ಏರಿದರೆ ಅವರಿಗೆ ಗೋಲ್ ಹೊಡೆಯದೇ 10 ಪಾಯಿಂಟ್. ಅಲ್ಲಿಗೆ ಹೋಗೋ ಮೊದಲಿನ ಎರಡು ಮೂರು ಪಂದ್ಯದ ಹಣವನ್ನ ಪೂರ್ತಿ ಮೂವರು ಮಿಡ್‌ಫೀಲ್ಡರ್‌ಗಳ ಸ್ಟ್ಯಾಮಿನಾಗೆ ಮೀಸಲಿಡಿ, ಚೆಂಡು ಸಿಕ್ಕ ಕೂಡಲೇ ಎಸೆಯಿರಿ, ಹಿಡಿದುಕೊಂಡು ನಿಲ್ಲಬೇಡಿ.